ಮಕ್ಕಳ ಕಥಾಸರಣಿಯೂ ಜನ್ನನ ಭವಾವಳಿಯೂ

ಹದಿಹರೆಯದವರ ಕಥೆಗಳಲ್ಲಿ ಸಾವು, ವಿವಾಹವಿಚ್ಛೇದನ, ವರ್ಣಭೇದಗಳು ಬರಬಹುದೆ? ಜಯನಗರ, ಬನಶಂಕರಿಗಳ ಮನೆಗಳಲ್ಲಿ ಮಕ್ಕಳ ಕೈಯ ಇಂಗ್ಲಿಷ್ ಪುಸ್ತಕಗಳನ್ನು ಕಂಡು ಹಿರಿಯರು ಕೇಳುವ ಪ್ರಶ್ನೆಯಿದು. ಆತಂಕ ಸಹಜವಾದುದೇ; ಆದರೆ ಅದು ನಮ್ಮ ಕಥಾಪರಂಪರೆಯನ್ನು ಮರೆತ ಆತಂಕ.

ಅಮೆರಿಕದ ಆ್ಯನ್ ಎಂ. ಮಾರ್ಟಿನ್ 1986ರಲ್ಲಿ ಆರಂಭಿಸಿದ ‘ದಿ ಬೇಬಿ-ಸಿಟರ್ಸ್ ಕ್ಲಬ್’ ಸರಣಿಯನ್ನು ನೋಡಿ. ನೆರೆಹೊರೆಯ ಮಕ್ಕಳನ್ನು ನೋಡಿಕೊಳ್ಳುವ ಹುಡುಗಿಯರ ಕಥೆಯಿದು. 2000ದವರೆಗೆ ಮುಖ್ಯ ಸರಣಿಯಲ್ಲೇ 131 ಪುಸ್ತಕಗಳು ಬಂದವು. ಕ್ಲಾಡಿಯಾಳ ಅಜ್ಜಿಗೆ 7ನೆಯ ಪುಸ್ತಕದಲ್ಲಿ ಪಾರ್ಶ್ವವಾಯು ಬಡಿಯುತ್ತದೆ. ಆಕೆ ತೀರಿಕೊಳ್ಳುವುದು 26ನೆಯದರಲ್ಲಿ. ಸ್ಟೇಸಿಯ ಮಧುಮೇಹ ಒಂದು ಪುಸ್ತಕಕ್ಕೆ ಮುಗಿಯದೆ ಅವಳೊಡನೆಯೇ ಸಾಗುತ್ತದೆ. ದೀರ್ಘ ಸರಣಿಯ ಶಕ್ತಿ ಇರುವುದು ಇಲ್ಲಿಯೇ. ಬಿಡಿ ಕಥೆಯಲ್ಲಿ ದುಃಖ ಒಂದು ಘಟನೆ. ಸರಣಿಯಲ್ಲಿ ಅದು ಬಾಳಬೇಕಾದ ಬದುಕು.

ಈ ಮರ್ಮವನ್ನು ಜನ್ನ 1209ರಲ್ಲಿಯೇ ಅರಿತಿದ್ದ. ‘ಯಶೋಧರ ಚರಿತೆ’ಯಲ್ಲಿ ಚಂಡಮಾರಿಯ ಬಲಿಗೆಂದು ಹಿಡಿದು ತಂದವರು ಎಳೆಯ ಅಣ್ಣತಂಗಿಯರು, ಅಭಯರುಚಿ ಮತ್ತು ಅಭಯಮತಿ. ದಾಂಪತ್ಯದ್ರೋಹ, ವಿಷಪ್ರಾಶನ, ಹಿಂಸೆಗಳಿಂದ ತುಂಬಿದ ಕಥೆಯನ್ನು ಮಾರಿದತ್ತ ರಾಜನಿಗೆ ಹೇಳುವವನು ಆ ಬಾಲಕನೇ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲ ನವಿಲು, ನಾಯಿ, ಕೋಳಿಗಳಾಗಿ ಜನ್ಮಜನ್ಮಾಂತರಕ್ಕೂ ಹಿಂಬಾಲಿಸುತ್ತದೆ. ಭವಾವಳಿಯೆಂದರೆ ಒಂದು ತಪ್ಪಿನ ಪರಿಣಾಮವನ್ನು ಕೊನೆಯವರೆಗೆ ಕಾಣಿಸುವ ಸರಣಿಯಲ್ಲವೆ? ಎಳೆಯರು ಕಟುಸತ್ಯವನ್ನು ತಾಳಲಾರರೆಂದು ಭಾವಿಸಿದ್ದರೆ ಕವಿ ಅದನ್ನು ಅವರ ಬಾಯಿಂದಲೇ ಹೇಳಿಸುತ್ತಿರಲಿಲ್ಲ.

ಹೊಸಗನ್ನಡದಲ್ಲಿಯೂ ಆ ಧೈರ್ಯ ಇಲ್ಲದಿಲ್ಲ. ಅಣೆಕಟ್ಟಿನಿಂದಾದ ಮುಳುಗಡೆಯನ್ನು ನಾ. ಡಿಸೋಜ ಮಕ್ಕಳ ಕಾದಂಬರಿಗೂ ತಂದರು. ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಸಂದಿತು. ಆದರೆ ಅದು ಬಿಡಿ ಕೃತಿ. ಓದುಗನೊಡನೆ ವರ್ಷಾನುವರ್ಷ ಬೆಳೆಯುವ ಪಾತ್ರಗಳು ನಮ್ಮ ಹದಿಹರೆಯದವರಿಗೆ ಬೇಕು.

ಬಿಟಿಎಂ ಬಡಾವಣೆಯಲ್ಲಿ ಕಟ್ಟಡ ಕಟ್ಟಲು ಕಲಬುರಗಿಯಿಂದ ಬಂದ ಕೂಲಿಕಾರನ ಮಗಳೊಬ್ಬಳು ಎಂಟನೆಯ ತರಗತಿಯಲ್ಲಿ ನಮಗೆ ಪರಿಚಯವಾಗಲಿ. ಕಟ್ಟಡ ಮುಗಿದೊಡನೆ ಶಾಲೆ ಬದಲಿಸಬೇಕಾದ ಅವಳ ಪಾಡು ಮುಂದಿನ ಪುಸ್ತಕದಲ್ಲಿಯೂ ಇರಲಿ, ಅದರ ಮುಂದಿನದರಲ್ಲಿಯೂ ಇರಲಿ. ಜಯನಗರದ ಮಗು ಅವಳೊಡನೆಯೇ ದೊಡ್ಡದಾಗಲಿ. ಅನುಕಂಪವೆಂಬುದು ಒಂದೇ ಓದಿಗೆ ಕೈಗೂಡುವ ಗುಣವಲ್ಲ. ಭವಾವಳಿಯ ಕೊನೆಯಲ್ಲಿ ಮಾರಿದತ್ತನ ಕೈಯಿಂದ ಕತ್ತಿಯನ್ನು ಬಿಡಿಸಿದ್ದು ಉಪದೇಶ ಮಾತ್ರವಲ್ಲ, ಕೊನೆಯವರೆಗೂ ಕೇಳಿಸಿಕೊಂಡ ಕಥೆ.