ಸಿಮ್ಯುಲೇಶನ್ ಇರುವಾಗ ಲ್ಯಾಬ್ ಯಾಕೆ ಅನ್ನೋರಿಗೆ...

"ಸೂಪರ್‌ಕಂಪ್ಯೂಟರ್ ಇರೋವಾಗ ಪ್ಲಾಸ್ಮಾ ಜೆಟ್ಟನ್ನ ಲ್ಯಾಬಲ್ಲಿ ಹಾರಿಸೋ ಖರ್ಚು ಯಾಕ್ರೀ? ಸಿಮ್ಯುಲೇಶನ್ ಮಾಡಿದ್ರಾಯ್ತು!" ನಮ್ಮ ಸಾಫ್ಟ್‌ವೇರ್ ಮಂದಿಯ ಮಾತಿದು. ನಾನೂ ಕೋಡ್ ಬರೆದೇ ಹೊಟ್ಟೆ ಹೊರೆಯೋನು. ಅದಕ್ಕೇ ಹೇಳ್ತಿದೀನಿ, ಇದು ಬರೀ ಸೊಕ್ಕು.

ಎಂ87 ಗ್ಯಾಲಕ್ಸಿಯ ಕಪ್ಪುಕುಳಿಯ ಬಳಿಯಿಂದ ಹೊರಟ ಜೆಟ್ ಸುಮಾರು 5000 ಜ್ಯೋತಿರ್ವರ್ಷ ಉದ್ದ. 1918ರಲ್ಲೇ ಹೀಬರ್ ಕರ್ಟಿಸ್ ಅದನ್ನು ಗುರುತಿಸಿದ್ದ. ಇಷ್ಟು ದೂರ ಚದುರದೆ ಹೇಗೆ ಹೋಗುತ್ತೆ? ಕಾಂತಕ್ಷೇತ್ರದಿಂದ ಅನ್ನೋದು ಬಹುತೇಕ ವಿಜ್ಞಾನಿಗಳ ಉತ್ತರ. ಜೆಟ್ಟಿನುದ್ದಕ್ಕೂ ವಿದ್ಯುತ್ ಹರಿದರೆ ಸುತ್ತ ಬಳೆಗಳಂಥ ಕ್ಷೇತ್ರ ಹುಟ್ಟಿ ಪ್ಲಾಸ್ಮಾವನ್ನು ಒಳಕ್ಕೆ ಹಿಸುಕುತ್ತೆ. ಆದ್ರೆ ಕಾಪಾಡೋ ಈ ಕೈಯೇ ಕೆಡಿಸುತ್ತೆ ಕೂಡ. ಜೆಟ್ ಉದ್ದವಾಗಿ ಕ್ಷೇತ್ರರೇಖೆಗಳ ತಿರುಚು ಒಂದು ಪೂರ್ತಿ ಸುತ್ತು ದಾಟಿದರೆ ಇಡೀ ಜೆಟ್ ಸುರುಳಿಯಾಗಿ ಡೊಂಕಾಗುತ್ತೆ. ಇದೇ ಕಿಂಕ್. ಕ್ರುಸ್ಕಲ್, ಶಾಫ್ರಾನೊವ್ 1950ರ ದಶಕದಲ್ಲೇ ಲೆಕ್ಕ ಹಾಕಿಟ್ಟಿದ್ದರು.

ಇಷ್ಟನ್ನ ಕಂಪ್ಯೂಟರೂ ತೋರಿಸುತ್ತೆ, ಒಪ್ಪಿದೆ. ಮುಂದೆ ಕೇಳಿ.

ಕ್ಯಾಲ್‌ಟೆಕ್‌ನಲ್ಲಿ ಮೋಸರ್ ಮತ್ತು ಬೆಲ್ಲನ್ ಇಂಥದೇ ಆರ್ಗಾನ್ ಜೆಟ್ ಹಾರಿಸಿ, ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು, 2012ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಲ್ಲ ಮುಗಿಯೋದು ಮೈಕ್ರೋಸೆಕೆಂಡುಗಳಲ್ಲಿ! ಕಿಂಕ್ ಆದ ಜೆಟ್ ಪಕ್ಕಕ್ಕೆ ಎಷ್ಟು ಜೋರಾಗಿ ಚಿಮ್ಮಿತು ಅಂದ್ರೆ ಅದರ ಅಂಚಿನಲ್ಲಿ ರೇಲೀ-ಟೇಲರ್ ಅಲೆಗಳೆದ್ದವು. ಭಾರದ ದ್ರವ ಹಗುರ ದ್ರವದ ಮೇಲೆ ನಿಂತಾಗ ಏಳುವಂಥವು. ಆ ಅಲೆಗಳು ಜೆಟ್ಟನ್ನು ಕೊರೆದು ದಾರದಂತೆ ತೆಳುವಾಗಿಸಿದವು. ಕೊನೆಗೆ ಕ್ಷೇತ್ರರೇಖೆಗಳು ತುಂಡಾಗಿ ಮರುಜೋಡಣೆಯಾದವು, ಜೆಟ್ ಕತ್ತರಿಸಿಹೋಯ್ತು.

ಪ್ಲಾಸ್ಮಾವನ್ನು ಒಂದೇ ದ್ರವ ಅಂತ ನೋಡುವ ಸಮೀಕರಣಗಳು ಅಷ್ಟು ತೆಳುವಾದ ಜಾಗದಲ್ಲಿ ನಡೆಯೋದೇ ಇಲ್ಲ. ಅವನ್ನಷ್ಟೇ ಕೋಡಿನಲ್ಲಿ ತುಂಬಿ ಎಷ್ಟು ಪ್ರೊಸೆಸರ್ ಹಚ್ಚಿದ್ರೂ ಈ ಕಥೆಯ ಕೊನೆ ಸರಿಯಾಗಿ ಬರಲ್ಲ ಸ್ವಾಮಿ!

"ಅಂಗೈಯಗಲದ ಜೆಟ್ ಎಲ್ಲಿ, ಎಂ87 ಎಲ್ಲಿ?" ಅಂತೀರಾ? ಅದೇ ಸಮೀಕರಣಗಳಿಗೆ ತಮ್ಮದೇ ಆದ ಅಳತೆಯಿಲ್ಲ. ಕೆಲವು ಅನುಪಾತಗಳು ಹೊಂದಿದರೆ ನಡವಳಿಕೆಯೂ ಹೊಂದುತ್ತೆ, ಗಾಳಿಸುರಂಗದಲ್ಲಿ ಪುಟ್ಟ ವಿಮಾನದ ಮಾದರಿ ಇಟ್ಟು ನೋಡಿದ ಹಾಗೆ. ನಿಜ, ಲ್ಯಾಬಿನ ಜೆಟ್ ಬೆಳಕಿನ ವೇಗದ ಹತ್ತಿರಕ್ಕೂ ಬರಲ್ಲ. ಅಲ್ಲಿ ಸಿಮ್ಯುಲೇಶನ್ ಬೇಕೇ ಬೇಕು. ಆದ್ರೆ ಅದನ್ನ ನಂಬೋದು ಯಾವ ಧೈರ್ಯದ ಮೇಲೆ?

ಕೋಡ್ ಬರೆದೋನೇ ಟೆಸ್ಟ್ ಕೇಸನ್ನೂ ಬರೆದ್ರೆ ಅವನಿಗೆ ಹೊಳೆಯದ ಬಗ್ ಸಿಗುತ್ತಾ? ಲ್ಯಾಬ್ ಅಂದ್ರೆ ಪ್ರಕೃತಿಯೇ ಬರೆದುಕೊಟ್ಟ ಟೆಸ್ಟ್ ಕೇಸ್. ಅದನ್ನ ಖರ್ಚು ಅಂತ ಹೊಡೆದುಹಾಕೋ ಮುಂಚೆ ಒಂದ್ಸಲ ಯೋಚಿಸಿ.

ಏನಂತೀರಿ? :-)