ಕಂಪನಿ ಕೈಬಿಟ್ಟ ಯಂತ್ರ, ಕನ್ನಡಕ್ಕೆ ತೆರೆದ ಬಾಗಿಲು

2013ರ ಜನವರಿ 4ರ ಹೊತ್ತಿಗೆ ಸೋನಿ ಕಂಪನಿ ಪ್ಲೇಸ್ಟೇಷನ್ 2 ತಯಾರಿಕೆಯನ್ನು ಜಗತ್ತಿನೆಲ್ಲೆಡೆ ನಿಲ್ಲಿಸಿದ ಸುದ್ದಿ ಖಚಿತವಾಯಿತು. 2000ದಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದು 15 ಕೋಟಿಗೂ ಮಿಕ್ಕಿ ಮಾರಾಟವಾದ ವಿಡಿಯೋ ಗೇಮ್ ಯಂತ್ರ ಅದು. ಅದೇ 2013ರಲ್ಲಿ ಭಾರತದ ಅಂಗಡಿಗಳಿಗೆ ಆ ಯಂತ್ರಕ್ಕೆಂದು ಹೊಸದೊಂದು ಆಟ ಬಂತು. ಶಾರುಖ್ ಖಾನ್ ಸಿನಿಮಾ ಆಧರಿಸಿ ಹೈದರಾಬಾದಿನ ಗೇಮ್‌ಶಾಸ್ತ್ರ ರೂಪಿಸಿದ ‘ಡಾನ್ 2’. ಅದಕ್ಕೂ ಮೊದಲು, ಪ್ಲೇಸ್ಟೇಷನ್ 3 ಬಂದು ವರ್ಷಗಳೇ ಕಳೆದಿದ್ದ 2009ರಲ್ಲಿ, ಕಬಡ್ಡಿ, ಚಿಣಿಫಣಿ, ಗಾಳಿಪಟಗಳನ್ನೊಳಗೊಂಡ ‘ದೇಸಿ ಅಡ್ಡಾ’ ಮತ್ತು ‘ಹನುಮಾನ್: ಬಾಯ್ ವಾರಿಯರ್’ ಕೂಡ ಹಳೆಯ ಯಂತ್ರಕ್ಕೇ ತಯಾರಾಗಿದ್ದವು. ಕಾರಣ ಸರಳ: ನಮ್ಮ ಮನೆಗಳ ಟಿವಿ ಪಕ್ಕದಲ್ಲಿ ಇದ್ದದ್ದು ಅದೇ. ಕಂಪನಿಯ ಲೆಕ್ಕದಲ್ಲಿ ಒಂದು ಯಂತ್ರ ಹಳತಾಗುವುದಕ್ಕೂ ಜನರ ಬಳಕೆಯಲ್ಲಿ ಹಳತಾಗುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಕನ್ನಡದ ವಿಡಿಯೋ ಗೇಮ್ ಹುಟ್ಟಬೇಕಾದರೆ ಈ ಅಂತರದೊಳಗೇ ಹುಟ್ಟಬಹುದು ಎಂಬುದು ನನ್ನ ವಾದ.

ಇದನ್ನು ಮಾಡಿ ತೋರಿಸಿದ ದೇಶವಿದೆ. ಬ್ರೆಜಿಲ್‌ನ ಟೆಕ್‌ಟಾಯ್ ಕಂಪನಿ ಜಪಾನಿನ ಸೆಗಾದಿಂದ ಮಾಸ್ಟರ್ ಸಿಸ್ಟಮ್ ಎಂಬ ಯಂತ್ರದ ಪರವಾನಗಿ ಪಡೆದು, 1991ರಲ್ಲಿ ‘ಫ್ಯಾಂಟಸಿ ಸ್ಟಾರ್’ ಆಟವನ್ನು ಪೋರ್ಚುಗೀಸ್ ಭಾಷೆಗೆ ತಂದಿತು. ಅಲ್ಲಿನ ಮಕ್ಕಳಿಗೆ ಕಾಮಿಕ್ಸ್‌ನಿಂದ ಪರಿಚಿತಳಾದ ಮೋನಿಕಾಳನ್ನೇ ನಾಯಕಿಯಾಗಿಸಿ ಇನ್ನೊಂದು ಆಟ ಹೊರತಂದಿತು. ಸೆಗಾ 2001ರಲ್ಲಿ ಯಂತ್ರ ತಯಾರಿಸುವ ವ್ಯವಹಾರವನ್ನೇ ಬಿಟ್ಟುಕೊಟ್ಟಿತು. ಬ್ರೆಜಿಲ್‌ನಲ್ಲಿ ಮಾಸ್ಟರ್ ಸಿಸ್ಟಮ್ ಆಮೇಲೂ ಮಾರಾಟವಾಗುತ್ತಲೇ ಇತ್ತು. ಈಗ ಹಳೆಯ ಯಂತ್ರಗಳಿಗೆ ಆಟ ಬರೆಯಲು ಪರವಾನಗಿಯ ಮಾತೂ ಇಲ್ಲ. ನಿಂಟೆಂಡೋದ ಫ್ಯಾಮಿಕಾಮ್ ಹೊರಬಂದದ್ದು 1983ರಲ್ಲಿ, ತಯಾರಿಕೆ ನಿಂತದ್ದು 2003ರಲ್ಲಿ. 2019ರಲ್ಲಿ ಅದೇ ಕುಟುಂಬದ ಎನ್‌ಇಎಸ್ ಯಂತ್ರಕ್ಕೆ ‘ಮೈಕ್ರೋ ಮೇಜಸ್’ ಎಂಬ ನಾಲ್ವರು ಒಟ್ಟಿಗೆ ಆಡುವ ಹೊಸ ಆಟ ಬಂತು. ಇಡೀ ಆಟದ ಗಾತ್ರ 40 ಕಿಲೋಬೈಟ್. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಇದರ ಹತ್ತಾರು ಪಟ್ಟು ದೊಡ್ಡದಿರುತ್ತದೆ.

ನಮ್ಮ ಕಡೆ ಈ ಯಂತ್ರವನ್ನು ಯಾರೂ ಫ್ಯಾಮಿಕಾಮ್ ಎಂದು ಕರೆದದ್ದಿಲ್ಲ. ಅದು ಬರೀ ‘ವಿಡಿಯೋ ಗೇಮ್’, ಅದಕ್ಕೆ ಸಿಕ್ಕಿಸುವುದು ‘ಕ್ಯಾಸೆಟ್’. ಟಿವಿಗೆ ಜೋಡಿಸುವ ಆ ಅಗ್ಗದ ನಕಲು ಯಂತ್ರಗಳಲ್ಲೇ ನಮ್ಮ ಊರುಗಳು ಮಾರಿಯೊ, ಕಾಂಟ್ರಾ, ಟ್ಯಾಂಕ್ ಗೇಮ್ ಆಡಿದ್ದು. ಇಷ್ಟು ಮನೆಗಳನ್ನು ಹೊಕ್ಕ ಯಂತ್ರದ ಪರದೆಯ ಮೇಲೆ ಕನ್ನಡದ ಅಕ್ಷರ ಕಾಣಿಸದೇ ಹೋದದ್ದು ನನ್ನನ್ನು ನಿಜವಾಗಿ ಕಾಡುತ್ತದೆ. ಅದು ತಾಂತ್ರಿಕವಾಗಿ ಅಸಾಧ್ಯವೇನೂ ಆಗಿರಲಿಲ್ಲ. ಆ ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕೆಗಳು. ಚಿತ್ರವೆಲ್ಲ 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಚೌಕಗಳಿಂದ ಕೂಡಿದ್ದು, ಒಂದು ಚೌಕಕ್ಕೆ 16 ಬೈಟ್. ಇಂಗ್ಲಿಷಿನ ಅಕ್ಷರ ಒಂದು ಚೌಕದಲ್ಲಿ ಕೂರುತ್ತದೆ. ದುಂಡಗಿನ ಮೈ, ಮೇಲೆ ತಲೆಕಟ್ಟು, ಕೆಳಗೆ ಒತ್ತು ಇರುವ ಕನ್ನಡದ ಅಕ್ಷರಕ್ಕೆ ನಾಲ್ಕು ಚೌಕವಾದರೂ ಬೇಕು, ಅಂದರೆ 64 ಬೈಟ್. 34 ವ್ಯಂಜನಗಳಿಗೆ ತಲಾ 15 ಕಾಗುಣಿತ ರೂಪವೆಂದು ಹಿಡಿದರೆ 510 ಅಕ್ಷರ, 32,640 ಬೈಟ್. ಇಡೀ ‘ಸೂಪರ್ ಮಾರಿಯೊ’ 40 ಕಿಲೋಬೈಟ್‌ನಲ್ಲಿ ಮುಗಿಯುತ್ತದೆ; ನಮ್ಮ ಕಾಗುಣಿತವೊಂದೇ ಅದರ ಮುಕ್ಕಾಲು ಪಾಲು ನುಂಗುತ್ತದೆ, ಒತ್ತಕ್ಷರಗಳನ್ನು ಇನ್ನೂ ಎಣಿಸಿಯೇ ಇಲ್ಲ. ಹಾಗಾಗಿ ಬಿಡಿಸಿ ಯೋಚಿಸಬೇಕಾಗುತ್ತದೆ. ಸೊನ್ನೆಯನ್ನೂ ವಿಸರ್ಗವನ್ನೂ ಒಂದೇ ಸಲ ಬರೆದಿಟ್ಟು ಎಲ್ಲಕ್ಕೂ ಬಳಸುವುದು, ಕೊಂಬು ಯಾವ ಅಕ್ಷರಗಳಿಗೆ ಒಂದೇ ಬಗೆಯಲ್ಲಿ ಅಂಟುತ್ತದೆ ಎಂದು ಗುಂಪು ಮಾಡುವುದು, ಒತ್ತುಗಳನ್ನು ಕೆಳಗಿನ ಸಾಲಿನ ಬೇರೆ ಚೌಕಗಳಿಗೆ ಇಳಿಸುವುದು. ಅಚ್ಚುಮೊಳೆಯ ಕಾಲದಲ್ಲಿ ಕನ್ನಡದ ಮುದ್ರಕರೂ ಇಂಥದೇ ಗಂಟನ್ನು ಬಿಡಿಸಬೇಕಾಗಿತ್ತು. ಇವತ್ತಿನ ದೊಡ್ಡ ಯಂತ್ರಗಳಲ್ಲಿ ಆಟ ಹೊರತರಲು ಕಂಪನಿಯ ಒಪ್ಪಿಗೆ ಬೇಕು, ಯಾವ ಭಾಷೆಗಳಿಗೆ ಜಾಗ ಎಂಬುದೂ ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ. ಹಳೆಯ ಯಂತ್ರಕ್ಕೆ ಯಾವ ಭಾಷೆಯೂ ಗೊತ್ತಿಲ್ಲ. ಬರೆದ ಚುಕ್ಕೆಗಳನ್ನು ಅದು ಹಾಗೇ ತೋರಿಸುತ್ತದೆ.

ಮೊಬೈಲ್ ಇರುವಾಗ ಈ ಉಸಾಬರಿ ಯಾಕೆ ಎಂಬುದು ಮೊದಲ ಆಕ್ಷೇಪ. ತೂಕದ ಪ್ರಶ್ನೆಯೇ. ಆದರೆ ಮೊಬೈಲಿನ ನೆಲ ನಿಂತಲ್ಲಿ ನಿಲ್ಲುವುದಿಲ್ಲ. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳಿಗೆ ತಕ್ಕಂತೆ ತಿದ್ದುತ್ತಾ ಹೋಗದ ಆ್ಯಪ್, ಕೆಲ ವರ್ಷಗಳಲ್ಲಿ ಪ್ಲೇ ಸ್ಟೋರ್‌ನಲ್ಲಿ ಹೊಸ ಫೋನುಗಳಿಗೆ ಸಿಗದಂತಾಗುತ್ತದೆ. ಗೆಳೆಯರಿಬ್ಬರು ರಜೆಯಲ್ಲಿ ಮಾಡಿದ ಕನ್ನಡದ ಆಟ ಅವರು ನೌಕರಿಗೆ ಸೇರಿದ ಮೇಲೆ ಹೀಗೇ ಮರೆಯಾಗುತ್ತದೆ. ತಯಾರಿಕೆ ನಿಂತ ಯಂತ್ರದ ನಿಯಮಗಳು ಇನ್ನು ಬದಲಾಗುವುದೇ ಇಲ್ಲ. ಇಂದು ಸರಿಯಾಗಿ ಬರೆದ ಆಟ ಇಪ್ಪತ್ತು ವರ್ಷದ ನಂತರವೂ ಓಡುತ್ತದೆ. ಹಳೆಯ ಯಂತ್ರ ಯಾರ ಮನೆಯಲ್ಲಿದೆ ಎಂದು ಕೇಳುವವರಿಗೂ ಉತ್ತರವಿದೆ: ಅದೇ ಕಡತ ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶದ ಮೂಲಕ ಕಂಪ್ಯೂಟರಿನಲ್ಲೂ ಅದೇ ಮೊಬೈಲಿನಲ್ಲೂ ತೆರೆದುಕೊಳ್ಳುತ್ತದೆ. ಅದರಲ್ಲಿ ಜಾಹೀರಾತು ಇರುವುದಿಲ್ಲ, ಇಂಟರ್‌ನೆಟ್ ಬೇಕಾಗುವುದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ 2025ರಲ್ಲಿ ಸಂಸತ್ತು ಕಾನೂನನ್ನೇ ತರಬೇಕಾಗಿ ಬಂದ ನಾಡಿನಲ್ಲಿ ಇದು ಸಣ್ಣ ಗುಣವಲ್ಲ. ಇನ್ನು ಕದ್ದ ಆಟಗಳ ಮಾತು. ಇನ್ನೊಬ್ಬರ ಮಾರಿಯೊವನ್ನು ನಕಲು ಮಾಡಿ ಮಾರುವುದು ತಪ್ಪೇ. ತಾನೇ ಬರೆದ ಆಟದ ಹಕ್ಕು ಬರೆದವರದು.

ಇದರಿಂದ ನೌಕರಿ ಸಿಗುತ್ತದೆಯೇ ಎಂಬುದು ತಂದೆತಾಯಿಯರ ಪ್ರಶ್ನೆ. ಹಳೆಯ ಯಂತ್ರದ ಆಟ ಮಾರಿ ಬದುಕುವವರು ಜಗತ್ತಿನಲ್ಲೇ ಕಡಿಮೆ, ಅದನ್ನು ಮುಚ್ಚಿಡಬಾರದು. ಆದರೆ ಕರ್ನಾಟಕದ ಆಟದ ಉದ್ಯಮವನ್ನು ನೋಡಿ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಸಾಲಿನ ಸಂಸ್ಥೆ. ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ, ವಾಹನ, ಕಟ್ಟಡ ಮಾಡಿಕೊಟ್ಟು ಹೆಸರಾಗಿ, 2019ರಲ್ಲಿ ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. 2012ರಲ್ಲೇ ಅನಿಮೇಶನ್ ಮತ್ತು ಗೇಮಿಂಗ್‌ಗೆ ನೀತಿ ರೂಪಿಸಿದ ರಾಜ್ಯ ನಮ್ಮದು, 2024ರಲ್ಲಿ ಅದರ ಹೊಸ ರೂಪವೂ ಬಂತು. ಇಷ್ಟಾದರೂ ನಮ್ಮ ಹುಡುಗರು ಹೆಚ್ಚಾಗಿ ಮಾಡುವುದು ಬೇರೆಯವರ ಆಟದ ಒಂದು ತುಣುಕು. ಒಂದು ಆಟವನ್ನು ಮೊದಲಿಂದ ಕೊನೆಯವರೆಗೆ ಇಬ್ಬರು ಮೂವರೇ ಮಾಡಿ ಮುಗಿಸುವುದು ಇಂಥ ಪುಟ್ಟ ಯಂತ್ರದಲ್ಲಿ ಸಾಧ್ಯ. ಮುಗಿಸುವುದನ್ನು ಕಲಿತವರಿಗೆ ಉದ್ಯಮದಲ್ಲಿ ಬೆಲೆಯಿದೆ.

ಈ ಕೆಲಸ ಬೆಂಗಳೂರಿನಲ್ಲೇ ಆಗಬೇಕೆಂದಿಲ್ಲ. ಬೆಳಗಾವಿ ಜಿಲ್ಲೆಯ ನಿಡಸೋಸಿಯಲ್ಲಿ 1996ರಲ್ಲಿ ಆರಂಭವಾದ ಹಿರಾಶುಗರ್ ಇಂಜಿನಿಯರಿಂಗ್ ಕಾಲೇಜಿದೆ. ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ಮಕ್ಕಳಿಗೆ ಹತ್ತಿರದ ಜಾಗ. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಕನ್ನಡದ ಆಟವೊಂದನ್ನು ಇಟ್ಟುಕೊಳ್ಳಲು ಇಂಥ ಕಾಲೇಜುಗಳು ಒಪ್ಪಬೇಕು. 1983ರ ಯಂತ್ರ ಕಲಿಸುವುದು ಹಿಂದಕ್ಕೆ ಹೋದಂತೆ ಎಂದು ಯಾರಾದರೂ ಅಂದರೆ, ನಮ್ಮ ಇಂಜಿನಿಯರಿಂಗ್ ಪಠ್ಯಗಳು ದಶಕಗಳಿಂದ ಕಲಿಸುತ್ತಾ ಬಂದ 8051 ಚಿಪ್ 1980ರದು ಎಂಬುದನ್ನು ನೆನಪಿಸಬೇಕು. ಲ್ಯಾಬಿನಲ್ಲಿ ಬರೆದ ಪ್ರೋಗ್ರಾಮ್ ಪರೀಕ್ಷೆ ಮುಗಿದ ದಿನ ಮರೆತುಹೋಗುತ್ತದೆ. 2 ಕಿಲೋಬೈಟ್ ಮೆಮೊರಿಯೊಳಗೆ ಓಡುವ ಆಟವನ್ನು ತಮ್ಮಂದಿರು ಆಡುವುದನ್ನು ಕಂಡ ಹುಡುಗಿ ಮೆಮೊರಿ ಎಂದರೇನು ಎಂಬುದನ್ನು ಮರೆಯುವುದಿಲ್ಲ. ಖರ್ಚೂ ಇಲ್ಲ: ಸಿ ಭಾಷೆಯಲ್ಲಿ ಬರೆದದ್ದನ್ನು ಫ್ಯಾಮಿಕಾಮ್‌ನ ಚಿಪ್ಪಿಗೆ ಒಗ್ಗಿಸುವ ಸಿಸಿ65 ಉಚಿತ, ನಿಂಟೆಂಡೋದ ಕೈಯಲ್ಲಿ ಹಿಡಿದಾಡುವ ಯಂತ್ರ ಗೇಮ್ ಬಾಯ್‌ಗೆ ಆಟ ಕಟ್ಟುವ ಜಿಬಿ ಸ್ಟುಡಿಯೋವೂ ಉಚಿತ.

ಕಥೆಗಾಗಿ ದೂರ ಹುಡುಕಬೇಕಾಗಿಲ್ಲ. ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದ, ಕೌಜಲಗಿ ನಿಂಗಮ್ಮ ಹಾಡಿ ಕುಣಿದು ಊರೂರಿಗೆ ಮುಟ್ಟಿಸಿದ ಶ್ರೀಕೃಷ್ಣ ಪಾರಿಜಾತ ಬಯಲಾಟ ಇಲ್ಲಿಯದೇ. ನಾರದ ತಂದ ಹೂ ರುಕ್ಮಿಣಿಯ ಮುಡಿಗೆ ಹೋಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ, ಕೃಷ್ಣ ಒಲಿಸಬೇಕು. ಹುಡುಕಾಟ, ಅಡ್ಡಿ, ಮಾತಿನ ಜಾಣ್ಮೆ, ಎಲ್ಲವೂ ಅದರಲ್ಲಿ ಸಿದ್ಧವಾಗಿವೆ. ಚಲಿಸುವ ಒಂದು ಪುಟ್ಟ ಚಿತ್ರಕ್ಕೆ ಫ್ಯಾಮಿಕಾಮ್ ಕೊಡುವುದು ಮೂರೇ ಬಣ್ಣ. ಪಾರಿಜಾತದ ಎಸಳಿಗೆ ಬಿಳಿ, ನಾಳಕ್ಕೆ ಕೇಸರಿ ಹಚ್ಚಿದ ಮೇಲೂ ಎಲೆಗೊಂದು ಹಸಿರು ಉಳಿಯುತ್ತದೆ.