ಗೋಸುಂಬೆಯ ಸಾಕಣೆ: ಕರುಣೆಯೋ, ಬಂಧವೋ?

ಶ್ರೀನಿವಾಸಪುರದ ಕಡೆಯ ವಿದ್ಯಾರ್ಥಿಯೊಬ್ಬ ತಮ್ಮ ಮಾವಿನ ತೋಪಿನ ಬೇಲಿಯಲ್ಲಿ ಸಿಕ್ಕ ಗೋಸುಂಬೆಯನ್ನು ಮನೆಯಲ್ಲಿ ಸಾಕುತ್ತಿರುವುದಾಗಿ ಈಚೆಗೆ ತಿಳಿಸಿದ. ಬೇಡವೆಂದಾಗ, "ಹೊರಗೆ ಬಿಟ್ಟರೆ ಹುಡುಗರು ಕಲ್ಲು ಹೊಡೆದು ಕೊಲ್ಲುತ್ತಾರೆ ಸಾರ್, ನಾನು ಉಳಿಸಿದ್ದೇನೆ" ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಆದ್ದರಿಂದಲೇ ಅದಕ್ಕೆ ಉತ್ತರ ಹೇಳಬೇಕಾಗಿದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ಪ್ರಕಾರ ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ಬಂಧವೆಂದರೆ ಜೀವಿಯು ತನಗೆ ಇಷ್ಟವಾದ ಎಡೆಗೆ ಹೋಗದಂತೆ ತಡೆಯುವುದು. ಹಗ್ಗವೇ ಬೇಕೆಂದಿಲ್ಲ, ಗಾಜಿನ ಪೆಟ್ಟಿಗೆಯೂ ಬಂಧವೇ. ಕಲ್ಲೆಸೆಯುವವನದು ಎರಡನೆಯ ಅತಿಚಾರವಾದರೆ ಸಾಕುವವನದು ಮೊದಲನೆಯದು.

ಹಸುವನ್ನು ಕಟ್ಟುವುದಿಲ್ಲವೇ ಎಂದು ಕೇಳಬಹುದು. ಹಸು ಸಾವಿರಾರು ವರ್ಷಗಳಿಂದ ಮನುಷ್ಯನೊಡನೆ ಬಾಳಿದ ಜೀವ. ಮೇಯಲು ಬಿಟ್ಟರೆ ಸಂಜೆಗೆ ತಾನಾಗಿ ಕೊಟ್ಟಿಗೆಗೆ ಮರಳುತ್ತದೆ. ಗೋಸುಂಬೆ ಮರಳುವುದಿಲ್ಲ. ಅದಕ್ಕೆ ನಮ್ಮ ಮನೆ ಮನೆಯಲ್ಲ.

ಅನ್ನಪಾನನಿರೋಧವೂ ಇಲ್ಲಿ ಅರಿಯದೆಯೇ ನಡೆಯುತ್ತದೆ. ಗೋಸುಂಬೆ ಎಲೆಯ ಮೇಲಿನ ಇಬ್ಬನಿ, ಮಳೆಹನಿಗಳನ್ನು ಕುಡಿಯುವ ಪ್ರಾಣಿ. ಬಟ್ಟಲಲ್ಲಿ ನಿಂತ ನೀರನ್ನು ಸಾಮಾನ್ಯವಾಗಿ ನೀರೆಂದೇ ಗುರುತಿಸದು. ತುಂಬಿದ ಬಟ್ಟಲಿನ ಪಕ್ಕದಲ್ಲೇ ಅದು ಬಾಯಾರಿ ಸಾಯಬಹುದು. ಹೆಣ್ಣಿಗೆ ನೆಲಕ್ಕಿಳಿದು ಮಣ್ಣು ತೋಡಿ ಮೊಟ್ಟೆಯಿಡಲು ಎಡೆ ಬೇಕು. ಆಹಾರಕ್ಕೆ ಜೀವಂತ ಹುಳುಗಳೇ ಬೇಕು. ಮರದ ಮೇಲೆ ಅದು ಹುಳು ಹಿಡಿದರೆ ಅದು ಅದರ ಬಾಳು. ಪೆಟ್ಟಿಗೆಗೆ ದಿನವೂ ಮಿಡತೆಗಳನ್ನು ಹಿಡಿದು ಹಾಕುವ ಕೈ ನಮ್ಮದು. ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳ ಸಾಕಣೆಯನ್ನು ಅನರ್ಥದಂಡದಲ್ಲಿ ಸೇರಿಸಿದ್ದು ಇದಕ್ಕಾಗಿಯೇ.

ಪೆಟ್ಟಿಗೆಯೊಳಗೆ ಅದು ಬಣ್ಣ ಬದಲಿಸುವುದನ್ನು ನೆಂಟರಿಷ್ಟರಿಗೆ ತೋರಿಸಿ ನಲಿಯುವವರಿದ್ದಾರೆ. ಬಿಸಿಲು, ಭಯ, ಸಿಟ್ಟು, ಬೆದೆ ಇವೇ ಆ ಬಣ್ಣಗಳ ಕಾರಣ. ಮೈ ಕಪ್ಪಾಗುವುದು ಹಲವು ವೇಳೆ ಹೆದರಿಕೆಯ ಗುರುತು. ಅದರ ಸಂಕಟ ನಮಗೆ ಪ್ರದರ್ಶನವಾಗಿದೆ. ಮಾತು ತಪ್ಪಿದವರನ್ನು ಗೋಸುಂಬೆಯೆಂದು ಬೈಯುವ ಕನ್ನಡಿಗರು ವಂಚನೆಯನ್ನು ಅದಕ್ಕೆ ಆರೋಪಿಸಿದ್ದೇವೆ. ವಿಷವೇ ಇಲ್ಲದ ಅದಕ್ಕೆ ವಿಷವನ್ನೂ ಆರೋಪಿಸಿದ್ದೇವೆ. ಹುಡುಗರ ಕೈಗೆ ಕಲ್ಲು ಬಂದದ್ದು ಈ ಆರೋಪಗಳಿಂದ.

ಹಿಡಿಯುವುದೂ ಬೇಟೆಯೇ ಎನ್ನುತ್ತದೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಗೋಸುಂಬೆ ಅದರ ರಕ್ಷಿತ ಪಟ್ಟಿಯಲ್ಲಿದೆ. ಆದರೆ ಕಾನೂನಿನ ಹೆದರಿಕೆಯೊಂದರಿಂದಲೇ ಬಿಡುವವನು ನಾಳೆ ಮತ್ತೊಂದನ್ನು ಹಿಡಿದಾನು. ಸಾಹಿತ್ಯದ ವಿದ್ಯಾರ್ಥಿಗಳು 1980ರಲ್ಲಿ ಬಂದ ತೇಜಸ್ವಿಯವರ 'ಕರ್ವಾಲೊ'ವನ್ನು ನೆನೆಯಲಿ. ಅಷ್ಟೊಂದು ಅಲೆದು ಹುಡುಕಿದ ಹಾರುವ ಓತಿ ಕೊನೆಗೆ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಅದು ಪೆಟ್ಟಿಗೆ ಸೇರಿದ್ದರೆ ಕಾದಂಬರಿ ಅಲ್ಲಿಯೇ ಸಣ್ಣದಾಗುತ್ತಿತ್ತು.

ವಿದ್ಯಾರ್ಥಿಯ ಪ್ರಶ್ನೆ ಉಳಿಯಿತು: ಕಲ್ಲಿಗೇನು ಮಾಡುವುದು? ಕಲ್ಲು ಹಿಡಿದ ಹುಡುಗರ ಬಳಿಗೆ ಹೋಗಬೇಕು. ಕೋಲಾರ, ಮಾಲೂರು, ಮುಳಬಾಗಿಲುಗಳ ಶಾಲೆಗಳಲ್ಲಿ ಒಂದು ತರಗತಿಯ ಹೊತ್ತು ಇದಕ್ಕೆ ಸಾಕು. ತೋಪಿನ ಬೇಲಿಗೆ ಬೆಂಕಿಯಿಡುವುದನ್ನು ಬಿಡಬೇಕು. ಹೊಂಗೆ, ಹುಣಸೆಗಳನ್ನು ಉಳಿಸಬೇಕು. ಗೋಸುಂಬೆಯನ್ನು ಹಿಡಿದ ಬೇಲಿಯಲ್ಲೇ ಮೊದಲು ಬಿಟ್ಟು ಬರಲಿ; ಉಳಿಸುವ ಕೆಲಸ ಆಮೇಲೆ ಶುರುವಾಗುತ್ತದೆ.